ಮಾನಪತ್ರದ ಕರಿಬೀಜ

ಬೆಳಗಿನ ಮೊದಲ ಲೋಟ ಕಾಫಿ ನನ್ನ ಕೈಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲಿನಲ್ಲಿ ಯಾರಾದರೊಬ್ಬ ಪ್ರಖ್ಯಾತ ನಟನೋ, ಗಾಯಕಿಯೋ, ಹಾಸ್ಯ ಕಲಾವಿದನೋ ಬಂದು ಕೂತಿರುತ್ತಾರೆ. ಕರೆತರುವವರು ನನ್ನ ಭಾವ. ಅಕ್ಕನ ಗಂಡನಾದ ಈ ಭಾವನವರು ಕುದುರೆಮುಖದಲ್ಲಿ ಅದಿರಿನ ಕಂಪನಿ ನಡೆದಷ್ಟು ಕಾಲ ಅಲ್ಲಿ ಕೆಲಸದಲ್ಲಿದ್ದು, ಅದು ನಿಂತ ಮೇಲೆ ಚಿಕ್ಕಮಗಳೂರಿಗೆ ಬಂದು ನೆಲೆಸಿದವರು. ಆಗ ಬೆಟ್ಟ ಅಗೆಯುವವರ ಜೊತೆಗಿದ್ದವರು ಈಗ ಒಬ್ಬರೇ ಮೊಬೈಲು ಅಗೆದು 'ಅಚ್ಚರಿಯ ಸಂಗತಿ' ತೆಗೆಯುತ್ತಾರೆ. 'ಈ ಮಹಾನಟನ ಬಗ್ಗೆ ನಿಮಗೆ ಗೊತ್ತಿಲ್ಲದ ಹತ್ತು ಸಂಗತಿಗಳು' ಎಂಬ ತಲೆಬರಹ. ಅದರ ಕೆಳಗೆ, ಒಬ್ಬರು ಹಿಂದೆ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರಂತೆ, ಇನ್ನೊಬ್ಬರು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದರಂತೆ, ಮತ್ತೊಬ್ಬರು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದರಂತೆ. ಪ್ರತಿಯೊಂದರ ಕೊನೆಗೂ ಕಣ್ಣೀರು ಸುರಿಸುವ ಹಳದಿ ಮುಖಗಳ ಒಂದು ಸಾಲು, ಅದರಡಿಗೆ ನಮ್ಮ ಬಂಧುವರ್ಗದ ಮುಗಿದ ಕೈಗಳ ಇನ್ನೊಂದು ಸಾಲು.

ಈ ಅಚ್ಚರಿ ನನಗೆ ಅರ್ಥವೇ ಆಗುವುದಿಲ್ಲ. ಯಾಕ್ರೀ ಅಚ್ಚರಿ? ಮನುಷ್ಯ ಕೆಲಸ ಮಾಡಿದ ಎಂಬುದೂ ಒಂದು ಸುದ್ದಿಯೇ? ನಮ್ಮ ವಸ್ತಾರೆಯ ಸುತ್ತಮುತ್ತ ಯಾರಾದರೂ ಏನೂ ಕೆಲಸ ಮಾಡದೆ ಐವತ್ತು ವರ್ಷ ದಾಟಿದರೆ ಅದನ್ನು ಬೇಕಾದರೆ ಜನ ಬಾಯಿಗೆ ಕೈಯಿಟ್ಟುಕೊಂಡು ಕೇಳಿಯಾರು. ಲೋಟ ತೊಳೆದ ಮಹಾನಟನಿಗಾಗಿ ಮರುಗುವ ನಾವು ಅದೇ ಹೊತ್ತಿಗೆ ಇನ್ನೊಬ್ಬ ಯಾರೋ ತೊಳೆದ ಲೋಟದಲ್ಲಿ ಕಾಫಿ ಹೀರುತ್ತ ಕೂತಿರುತ್ತೇವೆ. ಆ ಇನ್ನೊಬ್ಬ ಸಿನಿಮಾ ಸೇರಲಿಲ್ಲವಾದ್ದರಿಂದ ಅವನ ಪಾಲಿಗೆ ಒಂದು ಹಳದಿ ಮುಖವೂ ಇಲ್ಲ. ಹಾಗಾದರೆ ನಾವು ಮರುಗುವುದು ಮನುಷ್ಯನಿಗೋ, ಲೋಟಕ್ಕೋ ಎಂದು ಒಮ್ಮೆ ಗುಂಪಿನಲ್ಲಿ ಕೇಳಬೇಕೆಂದಿದ್ದೆ. ಅಕ್ಕನ ಮುಖ ನೆನಪಾಗಿ ಸುಮ್ಮನಾದೆ.

ಇಷ್ಟು ಸಿಟ್ಟು ಮಾಡಿಕೊಳ್ಳುವ ಅಧಿಕಾರ ನಿನಗೆಲ್ಲಿದೆ ಎಂದು ನೀವು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಏಕೆಂದರೆ ನಾನೂ ಇದೇ ದಂಧೆಯವನು. ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಕನ್ನಡ ಕಲಿಸಿ ನಿವೃತ್ತನಾಗಿ ವಸ್ತಾರೆಯಲ್ಲಿ ಕೂತಿರುವ ನನಗೆ ಈ ಸೀಮೆಯಲ್ಲಿ ಇರುವ ಏಕೈಕ ಖ್ಯಾತಿಯೆಂದರೆ ಮಾನಪತ್ರ ಬರೆಯುವುದು. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಸನ್ಮಾನವೆಂದರೆ ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಇವೆಲ್ಲಕ್ಕೂ ಕಲಶಪ್ರಾಯವಾಗಿ ಗಾಜು ಹಾಕಿಸಿದ ಒಂದು ಮಾನಪತ್ರ. ಅದನ್ನು ಸನ್ಮಾನಿತರ ಎದುರಿಗೆ ಗಟ್ಟಿಯಾಗಿ ಓದದಿದ್ದರೆ ಸನ್ಮಾನ ಊರ್ಜಿತವಾಗುವುದಿಲ್ಲ. ಕಳಸದಿಂದ ಚಿಕ್ಕಮಗಳೂರಿನ ತನಕ ಯಾರಿಗೆ ಶಾಲು ಹೊದಿಸಿದರೂ ಅದರ ಕೆಳಗೆ ನಡುಗುತ್ತಿರುವ ಮನುಷ್ಯನನ್ನು ವರ್ಣಿಸುವ ಗುತ್ತಿಗೆ ನನ್ನದು.

ಗುತ್ತಿಗೆಯೆಂದ ಮೇಲೆ ಅಚ್ಚು ಬೇಕಲ್ಲ? ನನ್ನಲ್ಲೊಂದು ಅಚ್ಚಿತ್ತು. 'ಬಡತನದ ಬೇಗೆಯಲ್ಲಿ ಬೆಂದು, ಕಷ್ಟದ ಕುಲುಮೆಯಲ್ಲಿ ಕಾದು, ಕಣ್ಣೀರ ಕಡಲನ್ನು ಕೈಯಾರೆ ಈಜಿ ದಡ ಸೇರಿದ' ಎಂದು ಅದು ಶುರುವಾಗುತ್ತಿತ್ತು. ಮುಂದೆ ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಬೇಕಿತ್ತು, ಅಷ್ಟೇ. ಬೇಯದೆ ಯಾರೂ ನನ್ನ ಕೈಯಿಂದ ಪಾರಾದದ್ದಿಲ್ಲ. ಒಮ್ಮೆ ಇನ್ನೂರು ಎಕರೆ ಎಸ್ಟೇಟಿನ ಸಾಹುಕಾರರೊಬ್ಬರನ್ನೂ ಅವಸರದಲ್ಲಿ ಇದೇ ಬೇಗೆಯಲ್ಲಿ ಬೇಯಿಸಿಬಿಟ್ಟೆ. ಓದುತ್ತ ಓದುತ್ತ ನನಗೇ ಬೆವರು ಬಂತು. ಆದರೆ ಆ ಪುಣ್ಯಾತ್ಮರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು, ತಾವು ಇಷ್ಟೆಲ್ಲ ಕಷ್ಟಪಟ್ಟದ್ದು ಇಷ್ಟು ದಿನ ತಮಗೇ ತಿಳಿದಿರಲಿಲ್ಲವೆಂದು ಗದ್ಗದಿತರಾದರು. ಇನ್ನೊಮ್ಮೆ ನಿವೃತ್ತ ಫಾರೆಸ್ಟ್ ಗಾರ್ಡ್ ಒಬ್ಬರಿಗೆ ಭಾಗವತರೊಬ್ಬರ ಮಾನಪತ್ರದ ಸಾಲು ಸೇರಿಕೊಂಡು, ಅವರು 'ಮಧುರ ಕಂಠದಿಂದ ಸಹಸ್ರಾರು ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದ'ವರಾದರು. ಅಂದಿನಿಂದ ಆ ಸಜ್ಜನರು ನಂಬಿ ಹಾಡತೊಡಗಿದ್ದಾರೆ. ಅವರೂರಿನ ಮದುವೆ ಮುಂಜಿಗಳಲ್ಲಿ ಜನ ನನ್ನತ್ತ ಬೀರುವ ನೋಟದ ಬಗ್ಗೆ ಹೆಚ್ಚು ಹೇಳಲಾರೆ.

ಬರೆದ ಮಾನಪತ್ರಗಳು ಆಮೇಲೆ ಏನಾಗುತ್ತವೆ ಎಂಬುದೂ ನನಗೆ ಗೊತ್ತು. ಕಳಸದ ಹತ್ತಿರ ಒಬ್ಬರ ಮನೆಯಲ್ಲಿ ಗೋಡೌನಿನ ಒಡೆದ ಕಿಟಕಿಗೆ ನನ್ನ ಮಾನಪತ್ರವನ್ನು ಅಳತೆಗೆ ಸರಿಯಾಗಿ ಕೂರಿಸಿದ್ದರು. ಅಕ್ಷರಗಳು ಹೊರಮುಖವಾಗಿದ್ದವು, ಮಳೆ ಬಂದು ನನ್ನ ಅನುಪ್ರಾಸಗಳನ್ನು ಓದಿಕೊಂಡು ಹೋಗುತ್ತಿತ್ತು. ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು, 'ಸದ್ಯ, ಒಂದಾದರೂ ಉಪಯೋಗಕ್ಕೆ ಬಂತಲ್ಲ' ಅಂದಳು.

ಹೀಗಿರುವಾಗ ಮೂಡಿಗೆರೆಯ ಕಲಾಸಮಿತಿಯ ಅಧ್ಯಕ್ಷರಿಂದ ಫೋನು ಬಂತು. ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯವರು, ಆದರೆ ಹೃದಯ ಮಾತ್ರ ಬೆಣ್ಣೆ. ಮದುವೆಗೆ ಹೋದರೆ ಹೆಣ್ಣಿನ ಕಡೆಯವರ ಜೊತೆ ಒಂದು ಸುತ್ತು, ಗಂಡಿನ ಕಡೆಯವರ ಜೊತೆ ಇನ್ನೊಂದು ಸುತ್ತು ಅಳುವಂಥವರು. ಈ ಸಲ ಪದ್ದಕ್ಕನಿಗೆ ಸನ್ಮಾನ ಎಂದರು. ಕೇಳಿ ನನಗೆ ಮೈ ಜುಂ ಎಂದಿತು. ಪದ್ದಕ್ಕ, ಅಂದರೆ ಪದ್ಮಾವತಿಯವರು, ಒಂದು ಕಾಲಕ್ಕೆ ನಮ್ಮ ಘಟ್ಟದ ಮೇಲಿನ ಊರುಗಳಲ್ಲೆಲ್ಲ ಆರ್ಕೆಸ್ಟ್ರಾದ ಮಹಾರಾಣಿ. ಯುಗಳಗೀತೆಯಲ್ಲಿ ಗಂಡಿನ ದನಿಯನ್ನೂ ಹೆಣ್ಣಿನ ದನಿಯನ್ನೂ ತಾನೊಬ್ಬಳೇ ಹಾಡುತ್ತಿದ್ದ ಹೆಂಗಸು. ಅವರ ಹೆಸರು ಹಾಕಿದರೆ ಹೊರನಾಡಿನ ಕಡೆಯಿಂದಲೂ ಜೀಪು ಮಾಡಿಕೊಂಡು ಜನ ಬರುತ್ತಿದ್ದರು. 'ಆದ್ರೆ ಪಾಪ ಮೇಷ್ಟ್ರೇ,' ಎಂದು ಅಧ್ಯಕ್ಷರ ದನಿ ಆಗಲೇ ಒದ್ದೆಯಾಯಿತು, 'ಅಷ್ಟು ದೊಡ್ಡ ಕಲಾವಿದೆ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಲ್ಲಿ ನಲವತ್ತು ವರ್ಷ ಕಾಫಿ ಬೀಜ ಆರಿಸ್ತಿದ್ರಂತೆ! ಯಾರಿಗೂ ಗೊತ್ತೇ ಇಲ್ಲ. ಗಂಡ ಬೇರೆ ಕುಡುಕನಂತೆ ಅಂತ ಯಾರೋ ಅಂದ್ರು. ಚೆನ್ನಾಗಿ ಬರೀರಿ, ಸಭೆಯಲ್ಲಿ ಒಬ್ಬರ ಕಣ್ಣೂ ಒಣಗಿರಬಾರ್ದು.'

ಬರೆಯುವುದೇನು ಬಂತು, ಅಚ್ಚು ಇತ್ತಲ್ಲ! ಕುಡುಕ ಗಂಡನನ್ನು ಅನುಪ್ರಾಸಕ್ಕೆ ಒಗ್ಗಿಸಲು ಕೊಂಚ ಹೊತ್ತು ಹಿಡಿಯಿತು, ಅಷ್ಟೇ. ಅದೇ ದಿನ ಸಂಜೆ ಕಳಿಸಿಬಿಟ್ಟೆ. ನನ್ನ ಹೆಂಡತಿ ಮಾತ್ರ ಕಾಫಿ ಲೋಟ ಕುಕ್ಕುತ್ತ, 'ಬದುಕಿರೋ ಮನುಷ್ಯರ ಬಗ್ಗೆ ಬರೀತೀರ, ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬರಬಾರ್ದಾ?' ಅಂದಳು. ಅವಳ ಮಾತಿಗೆ ಬೆಲೆ ಕೊಟ್ಟು ಹೊರಟೆನೆಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ, ಪದ್ದಕ್ಕನ ಮುಖವನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ, ಮತ್ತೆ ನೋಡಬೇಕೆಂಬ ಆಸೆ ನನಗಿತ್ತು.

ಆ ಕಥೆಗೂ ಭಾವನವರೇ ಕಾರಣಕರ್ತರು. ನಾನು ಮೇಷ್ಟ್ರಾದ ಹೊಸತು, ಕುದುರೆಮುಖದ ಟೌನ್‌ಶಿಪ್ ಇನ್ನೂ ಜನರಿಂದ ಗಿಜಿಗುಟ್ಟುತ್ತಿದ್ದ ಕಾಲ. ಅಲ್ಲಿನ ಸಭಾಂಗಣದಲ್ಲಿ ಪದ್ದಕ್ಕನ ಆರ್ಕೆಸ್ಟ್ರಾ. ಅವರ ಎರಡು ದನಿಯ ಸಂಗತಿ ಆಗಿನ್ನೂ ಹೊರಗೆ ಗೊತ್ತಿರಲಿಲ್ಲ. ಜೊತೆಯ ಗಾಯಕ ಬರಬೇಕಿದ್ದ ಬಸ್ಸು ಕಳಸದ ಆಚೆ ಮರ ಬಿದ್ದು ನಿಂತುಹೋಗಿತ್ತು. ಕಾರ್ಯಕ್ರಮ ನಿಲ್ಲುತ್ತದೆ ಎಂದು ಎಲ್ಲರೂ ಗೊಣಗುತ್ತಿರುವಾಗ ಆಕೆ ಮೈಕಿನ ಮುಂದೆ ಬಂದು ಸೆರಗು ಸಿಕ್ಕಿಸಿಕೊಂಡು, ಬಲಕ್ಕೆ ತಿರುಗಿ ಗಂಡಾಗಿ ಹಾಡಿದರು, ಎಡಕ್ಕೆ ತಿರುಗಿ ಹೆಣ್ಣಾಗಿ ಉತ್ತರ ಕೊಟ್ಟರು. ಗೊಣಗುತ್ತಿದ್ದವರೆಲ್ಲ ಕುರ್ಚಿಯ ತುದಿಗೆ ಸರಿದು ಕೂತರು. ಆದರೆ ನಮ್ಮ ಭಾವನವರು ನಂಬಬೇಕಲ್ಲ? ಪರದೆಯ ಹಿಂದೆ ಯಾವನೋ ಗಂಡಸು ನಿಂತಿದ್ದಾನೆಂದು ಆಣೆಯಿಟ್ಟು ಹೇಳಿ, 'ನೀನು ಮೇಷ್ಟ್ರು, ಸತ್ಯಶೋಧನೆ ನಿನ್ನ ಧರ್ಮ, ಹೋಗಿ ನೋಡು' ಎಂದು ನನ್ನನ್ನು ದೂಡಿದರು. ಪಕ್ಕದ ಬಾಗಿಲಿನಿಂದ ನುಸುಳಿ ನಾನು ಪರದೆ ಎತ್ತಿದೆ. ಅಲ್ಲಿ ಇದ್ದದ್ದು ಒಂದು ಫ್ಲಾಸ್ಕು, ಒಂದು ಉಣ್ಣೆಯ ಶಾಲು, ಒಂದು ಜೊತೆ ಹೆಂಗಸರ ಚಪ್ಪಲಿ. ಗಂಡಿನ ಸಾಲನ್ನು ಹಾಡುತ್ತಿದ್ದಂತೆಯೇ ಆಕೆ ಕತ್ತು ಹೊರಳಿಸಿ ನನ್ನನ್ನು ನೋಡಿದರು. ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ, ಆದರೆ ಆ ನೋಟಕ್ಕೆ ನನ್ನ ಸತ್ಯಶೋಧನೆಯ ಚಪಲ ಕೆಲವು ವರ್ಷಗಳ ಮಟ್ಟಿಗೆ ಇಂಗಿಹೋಯಿತು.

ಪದ್ದಕ್ಕನ ಮನೆ ಚಿಕ್ಕಮಗಳೂರಿನಲ್ಲಿ, ಅವರು ಕೆಲಸ ಮಾಡಿದ ಕ್ಯೂರಿಂಗ್ ವರ್ಕ್ಸಿಗೆ ಕೂಗಳತೆಯ ಒಂದು ಗಲ್ಲಿಯಲ್ಲಿ. ಎಪ್ಪತ್ತು ದಾಟಿದ, ನೆಟ್ಟನೆಯ ಬೆನ್ನಿನ ಹೆಂಗಸು ಜಗಲಿಯಲ್ಲಿ ಮೊರದ ತುಂಬ ಅಕ್ಕಿ ಹರಡಿಕೊಂಡು ಕೂತಿದ್ದರು. ನಾನು ನನ್ನ ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ಸಂಸ್ಕೃತಭೂಯಿಷ್ಠವಾಗಿ ನಿವೇದಿಸಿಕೊಂಡೆ. ಅವರು ಮೊರದಿಂದ ಕಣ್ಣೆತ್ತಿ ನನ್ನನ್ನು ಒಂದು ಗಳಿಗೆ ನೋಡಿ, 'ನೀವಲ್ವಾ ಕುದುರೆಮುಖದಲ್ಲಿ ಪರದೆ ಎತ್ತಿದ್ದು? ಸಿಕ್ಕಿದ್ನಾ ಮೇಷ್ಟ್ರೇ, ಗಂಡಸು?' ಎಂದರು.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಷ್ಟು ವರ್ಷದ ಮೇಲೂ ಹೇಗೆ ಗುರುತು ಹಿಡಿದಿರಿ ಎಂದು ತೊದಲಿದ್ದಕ್ಕೆ, 'ಆ ಕಿವಿ ಮರೆಯೋಕಾಗುತ್ತಾ? ಬೀಜ ಆರಿಸಿದ ಕಣ್ಣು ಇದು. ಸಾವಿರದಲ್ಲಿ ಒಂದು ಬೇರೆ ಥರ ಇದ್ರೆ ಅದೇ ಮೊದ್ಲು ಕಾಣೋದು' ಎಂದರು. ನನ್ನ ಕಿವಿಗಳು ಸ್ವಲ್ಪ ಧಾರಾಳವಾಗಿವೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಕಾಫಿ ಬಂತು, ನನಗೊಬ್ಬನಿಗೆ. ಅವರು ಕುಡಿದದ್ದು ಮೆಣಸಿನ ಕಷಾಯ. ನಲವತ್ತು ವರ್ಷ ಕಾಫಿಯ ನಡುವೆ ಬದುಕಿದ ಹೆಂಗಸು ಕಾಫಿ ಕುಡಿಯುವುದಿಲ್ಲ, ಗಂಟಲು ಒಣಗುತ್ತದಂತೆ. ಕುದುರೆಮುಖದ ಫ್ಲಾಸ್ಕಿನ ರಹಸ್ಯವೂ ಅಂದೇ ಬಯಲಾಯಿತು.

ನಾನು ಮಾನಪತ್ರದ ಪ್ರತಿಯನ್ನು ಕೊಟ್ಟೆ. ಅವರು ಅಕ್ಕಿಯನ್ನು ಮೊರದ ಒಂದು ಬದಿಗೆ ಸರಿಸಿ, ಖಾಲಿಯಾದ ಬದಿಗೆ ಕಾಗದ ಹರಡಿ, ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಓದತೊಡಗಿದರು. 'ಬಡತನದ ಬೇಗೆ' ಎಂಬಲ್ಲಿ ಬೆರಳು ನಿಂತಿತು. 'ನಮ್ಮಪ್ಪ ಕಳಸದ ಹತ್ರ ತೋಟದಲ್ಲಿ ಮೇಸ್ತ್ರಿ. ಊಟಕ್ಕಿತ್ತು, ಉಡೋಕಿತ್ತು. ಬೇಯಲಿಲ್ಲ ನಾವು. ತೆಗೀರಿ.' ನಾನು ಪೆನ್ನು ತೆಗೆದು ಹೊಡೆದುಹಾಕಿದೆ. 'ಕುಡುಕ ಪತಿಯ ಕಿರುಕುಳ'ಕ್ಕೆ ಬಂದಾಗ ನಕ್ಕೇಬಿಟ್ಟರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋದ ಕಡೆ ತಿರುಗಿ, 'ಕೇಳಿದ್ರಾ ಇಲ್ಲಿ?' ಎಂದು ಅವರಿಗೇ ಹೇಳಿ, ನನಗೆಂದರು: 'ನಮ್ಮನೆಯವ್ರು ಲಾರಿ ಡ್ರೈವರು. ಕಾಫಿ ಬಿಟ್ರೆ ಏನೂ ಕುಡಿದವ್ರಲ್ಲ. ಅದೂ ಸಕ್ಕರೆ ಕಮ್ಮಿ.' ಅದನ್ನೂ ಹೊಡೆದೆ. 'ಅವಕಾಶವಂಚಿತೆ' ಎಂಬುದಕ್ಕೆ ತಲೆಯಾಡಿಸಿದರು. ಅವಕಾಶ ಬಂದಿತ್ತಂತೆ, ಊರು ಬಿಟ್ಟು ಬನ್ನಿ, ಸಿನಿಮಾ ಹಾಡಿಗೆ ಕೋರಸ್ಸಿನಲ್ಲಿ ನಿಲ್ಲಿಸುತ್ತೇವೆ ಎಂದು ಯಾರೋ ಕರೆದಿದ್ದರಂತೆ. 'ಅಲ್ಲಿ ಹದಿನೈದು ಜನರಲ್ಲಿ ನಾನೊಬ್ಬಳು. ಇಲ್ಲಿ ನಾನೊಬ್ಬಳೇ ಇಬ್ರು. ಯಾವ ಲೆಕ್ಕದಲ್ಲಿ ಹೋಗ್ಲಿ?'

ಆಮೇಲೆ ಬೆರಳು ಬಂದು ನಿಂತದ್ದು ನಾನು ಅತ್ಯಂತ ಹೆಮ್ಮೆಯಿಂದ ಕುಸುರಿ ಮಾಡಿದ್ದ ಸಾಲಿನ ಮೇಲೆ: 'ಕಾಫಿ ಕಾರ್ಖಾನೆಯ ಕಾಳು ಆರಿಸುವ ಕರಾಳ ನರಕದಲ್ಲಿ ಹೊಟ್ಟೆಪಾಡಿಗಾಗಿ ಕೂಲಿಯಾಗಿ ಕೊರಗಿದ ಕೋಗಿಲೆ'. ಅವರು ಅದನ್ನು ಎರಡು ಸಲ ಓದಿದರು. ಮುಖದ ನಗು ಹೋಯಿತು.

'ಇದನ್ನ ಯಾರು ಹೇಳಿದ್ರು ನಿಮ್ಗೆ?' ಎಂದು ಕೇಳಿದರು. 'ಧೂಳಿತ್ತು. ಬೆನ್ನು ಸೆಳೀತಿತ್ತು. ಇಲ್ಲ ಅನ್ನಲ್ಲ. ಆದ್ರೆ ಕೊರಗಿದ್ದು ಯಾವಾಗ ನಾನು? ಬೀಜ ಆರಿಸೋ ಆ ಶೆಡ್ಡಲ್ಲಿ ನನ್ನ ಜೊತೆ ಕೂತವ್ರು ಇಪ್ಪತ್ತು ಜನ ಇನ್ನೂ ಇದ್ದಾರೆ, ಸನ್ಮಾನ ನೋಡೋಕೆ ವ್ಯಾನ್ ಮಾಡ್ಕೊಂಡು ಬರ್ತಾರೆ, ಮುಂದಿನ ಸಾಲಲ್ಲಿ ಕೂತಿರ್ತಾರೆ. ಅವ್ರು ಜೀವಮಾನ ಪೂರ್ತಿ ಮಾಡಿದ ಕೆಲ್ಸ ನರಕ ಅಂತ ಅವ್ರ ಮುಖಕ್ಕೇ ಓದ್ತೀರಾ? ಅವ್ರೆಲ್ಲ ನರಕದಲ್ಲಿರೋಕೆ ಲಾಯಕ್ಕು, ನಾನೊಬ್ಳು ಕೋಗಿಲೆ ಅಂತ ಪಾಪ, ಹಾಗಾ?' ಕಾಗದವನ್ನು ನನ್ನ ಕೈಗೆ ವಾಪಸ್ಸು ಇಟ್ಟರು. 'ಇದನ್ನ ಓದಿದ್ರೆ ಎದ್ದು ಹೋಗ್ತೀನಿ ಮೇಷ್ಟ್ರೇ. ಶಾಲು ಕುರ್ಚಿ ಮೇಲೆ ಬಿಟ್ಟು ಹೋಗ್ತೀನಿ. ಕೆಟ್ಟು ಕಪ್ಪಾದ ಒಂದು ಕರಿಬೀಜ ಉಳಿದ್ರೂ ಇಡೀ ಲೋಟದ ಕಾಫಿ ಕೆಡುತ್ತೆ, ಗೊತ್ತಾ ನಿಮ್ಗೆ?'

ಬೀಜ ಆರಿಸುವ ಶೆಡ್ಡಿನ ಒಂದು ಕಾನೂನನ್ನು ಅವರು ಆಮೇಲೆ ಹೇಳಿದರು. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಜರಡಿ ಹಿಡಿದು ಆದ ಮೇಲೆ ಹೆಂಗಸರು ಎದುರು ಬದುರು ಎರಡು ಸಾಲಾಗಿ ಕೂತು ಕರಿಬೀಜ, ಒಡಕು, ಹುಳುಕು ಹೆಕ್ಕಿ ತೆಗೆಯಬೇಕು. ಹೊತ್ತಿಡೀ ಅದೇ ಕೆಲಸ. ಅಲ್ಲಿ ಮಾತಾಡುವಂತಿರಲಿಲ್ಲ. ಮಾತಾಡಿದರೆ ಮುಖ ಪಕ್ಕದವಳ ಕಡೆ ತಿರುಗುತ್ತದೆ, ಕಣ್ಣು ಬೀಜ ತಪ್ಪುತ್ತದೆ. ಆದರೆ ಹಾಡಬಹುದಿತ್ತು. ಹಾಡಿದರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಣ್ಣು ಬೀಜದ ಮೇಲೆಯೇ ಇರುತ್ತದೆ. ಹೀಗಾಗಿ ಸೂಪರ್‌ವೈಸರೇ ಬಂದು, 'ಹಾಡ್ರಮ್ಮ, ಹಾಡ್ರಿ' ಅನ್ನುತ್ತಿದ್ದರಂತೆ. ಈಚೆ ಸಾಲು ಗಂಡಿನ ಪಾತ್ರ ಹಾಡಿದರೆ ಆಚೆ ಸಾಲು ಹೆಣ್ಣಿನದು. ಪದ್ದಕ್ಕನ ಕೈ ಬಲು ಚುರುಕು. ಯಾವ ಸಾಲಿನಲ್ಲಿ ಕೆಲಸ ಹಿಂದೆ ಬೀಳುತ್ತದೋ ಆ ಸಾಲಿಗೆ ಅವರನ್ನು ಎತ್ತಿ ಕೂರಿಸುತ್ತಿದ್ದರು. ವಾರದಲ್ಲಿ ಮೂರು ದಿನ ಗಂಡು, ಮೂರು ದಿನ ಹೆಣ್ಣು. ಎರಡು ದನಿ ಬಂದದ್ದು ಅಲ್ಲಿಂದ! 'ಗುರುವಿಲ್ಲದೆ ಕಲಿತ ಸ್ವಯಂಭೂ ಪ್ರತಿಭೆ' ಎಂಬುದೂ ನನ್ನ ಪತ್ರದಲ್ಲಿತ್ತು. ಅವರು ಹೇಳುವ ಮೊದಲೇ ನಾನೇ ಅದನ್ನು ಹೊಡೆದುಹಾಕಿದೆ.

ಬಸ್ಸಿಗೆ ಕಾಯುವಾಗ ನನಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಪರದೆಯ ಹಿಂದೆ ಗಂಡಸನ್ನು ಹುಡುಕಿದ ನಾನು ಇಷ್ಟು ವರ್ಷದ ಮೇಲೂ ಅದನ್ನೇ ಮಾಡಿದ್ದೆ. ಈ ಹೆಂಗಸು ಇಷ್ಟು ಚೆನ್ನಾಗಿ ಹಾಡುತ್ತಾಳೆಂದರೆ ಹಿಂದೆ ಏನೋ ಇರಲೇಬೇಕು. ಆಗ ಗಂಡಸನ್ನು ಇಟ್ಟೆವು, ಈಗ ದುಃಖವನ್ನು ಇಟ್ಟೆವು. ಅವಳೇ ಹಾಡುತ್ತಾಳೆ ಎಂಬ ಸರಳ ಸಂಗತಿಯನ್ನು ಒಪ್ಪಿಕೊಳ್ಳಲು ನಮಗೇನು ಧಾಡಿ?

ಅಧ್ಯಕ್ಷರಿಗೆ ಫೋನು ಮಾಡಿ, ಪತ್ರ ಬದಲಾಗಬೇಕು ಎಂದೆ. 'ಅಯ್ಯೋ, ಫ್ರೇಮ್ ಆಗ್ಹೋಯ್ತಲ್ಲ ಮಾರಾಯ್ರೆ! ಗಾಜೂ ಹಾಕ್ಸಿ ಆಯ್ತು. ಮುಖ್ಯ ಅತಿಥಿಗಳಿಗೂ ಒಂದು ಪ್ರತಿ ಹೋಯ್ತು, ಓದಿ ಅತ್ರಂತೆ,' ಎಂದರು. ಆಕೆ ಎದ್ದು ಹೋಗುತ್ತಾರಂತೆ ಎಂದದ್ದಕ್ಕೆ, 'ಶಾಲು ಹೊದಿಸಿದ್ಮೇಲೆ ಎದ್ದು ಹೋದವ್ರನ್ನ ನಾನು ಈವರೆಗೆ ನೋಡಿಲ್ಲ' ಎಂದು ಧೈರ್ಯ ಹೇಳಿದರು. ಜೀವಮಾನದಲ್ಲಿ ಒಂದು ಸಮಿತಿಗೂ ಎದುರು ಹೇಳಿದವನಲ್ಲ ನಾನು. ಇವರು ನನ್ನನ್ನು ಕೈಬಿಟ್ಟರೆ ಈ ಸೀಮೆಯಲ್ಲಿ ನನ್ನನ್ನು ವೇದಿಕೆಗೆ ಕರೆಯುವವರು ಯಾರು ಎಂಬ ಅಂಜಿಕೆಯೂ ಇತ್ತು. ಜೊತೆಗೆ, ಮುಚ್ಚುಮರೆಯೇಕೆ, ಆ 'ಕ'ಕಾರದ ಸಾಲಿನ ಮೇಲೆ ನನಗಿನ್ನೂ ಸ್ವಲ್ಪ ಮೋಹ ಉಳಿದಿತ್ತು.

ಸನ್ಮಾನದ ದಿನ ಮೂಡಿಗೆರೆಯ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಆ ಇಪ್ಪತ್ತು ಹೆಂಗಸರು, ಎಲ್ಲರೂ ಅಚ್ಚುಕಟ್ಟಾಗಿ ಸೀರೆಯುಟ್ಟು, ಎಲ್ಲರೂ ವಯಸ್ಸಾದವರು, ಎಲ್ಲರ ಕಣ್ಣೂ ಚುರುಕು. ವೇದಿಕೆಯ ಮೇಲೆ ಸಿಂಹಾಸನದಂಥ ಕುರ್ಚಿಯಲ್ಲಿ ಪದ್ದಕ್ಕನನ್ನು ಕೂರಿಸಿ, ಪೇಟ ಇಟ್ಟು, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಹೇರಿದ್ದರು. ಅನಾನಸಿನ ಜುಟ್ಟಿನ ಹಿಂದೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ನನ್ನ ಹೆಸರು ಕರೆದರು. ಗಾಜಿನ ಫ್ರೇಮನ್ನು ಎರಡು ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತು, 'ಶ್ರೀಮತಿ ಪದ್ಮಾವತಿಯವರೇ' ಎಂದೆ. ಆ ಕಡೆ ಪದ್ದಕ್ಕ ಹಣ್ಣಿನ ಬುಟ್ಟಿಯನ್ನು ತೊಡೆಯಿಂದ ಎತ್ತಿ ಮೆಲ್ಲಗೆ ನೆಲಕ್ಕಿಟ್ಟರು. ಏಳುವವರು ಮಾಡುವ ಮೊದಲ ಕೆಲಸ ಅದು. ನಾನು ಫ್ರೇಮ್ ನೋಡಿದೆ. ಗಾಜಿನಲ್ಲಿ ಬಡತನದ ಬೇಗೆಯ ಮೇಲೆ ನನ್ನದೇ ಮುಖ, ಅದರ ಎರಡು ಬದಿಗೆ ನನ್ನ ಕಿವಿಗಳು.

ಫ್ರೇಮನ್ನು ಹಿಡಿದುಕೊಂಡೇ ನಾನು ಅದರಲ್ಲಿಲ್ಲದ್ದನ್ನು ಓದತೊಡಗಿದೆ. 'ನೀವು ನಲವತ್ತು ವರ್ಷ ಕಾಫಿ ಬೀಜ ಆರಿಸಿದಿರಿ. ಅದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಇಪ್ಪತ್ತು ಜನರೂ ಅದನ್ನೇ ಮಾಡಿದರು, ಚೆನ್ನಾಗಿ ಮಾಡಿದರು. ನೀವು ಬೇಯಲಿಲ್ಲ, ಕೊರಗಲಿಲ್ಲ, ಯಾರಿಂದಲೂ ವಂಚಿತರಾಗಲಿಲ್ಲ. ನಿಮ್ಮ ಪತಿ ಒಳ್ಳೆಯವರು, ಸಕ್ಕರೆ ಕಡಿಮೆ ಹಾಕಿ ಕಾಫಿ ಕುಡಿಯುತ್ತಿದ್ದರು. ನಿಮಗೆ ಗುರುಗಳಿದ್ದರು, ಒಬ್ಬರಲ್ಲ, ಎರಡು ಸಾಲು. ಗಂಡಿನ ದನಿಯನ್ನು ಒಂದು ಸಾಲು ಕೊಟ್ಟಿತು, ಹೆಣ್ಣಿನ ದನಿಯನ್ನು ಇನ್ನೊಂದು ಸಾಲು ಕೊಟ್ಟಿತು. ನಿಮ್ಮ ಹಾಡಿಗೂ ನಿಮ್ಮ ಕೆಲಸಕ್ಕೂ ಜಗಳವಿರಲಿಲ್ಲ. ಜಗಳ ಹಚ್ಚಿದವರು ನಾವು.' ನನ್ನ ಇಡೀ ವೃತ್ತಿಜೀವನದಲ್ಲಿ ಅನುಪ್ರಾಸವಿಲ್ಲದೆ ಮಾತಾಡಿದ್ದು ಅದೇ ಮೊದಲು. ಹಿಂದಿನಿಂದ ಅಧ್ಯಕ್ಷರು ನನ್ನ ಜುಬ್ಬ ಎಳೆಯುತ್ತ, 'ಎಲ್ಲಿದೆ ಮೇಷ್ಟ್ರೇ ಅದು? ಎಷ್ಟನೇ ಸಾಲು?' ಎಂದು ಪಿಸುಗುಟ್ಟುತ್ತಿದ್ದರು. ಮುಖ್ಯ ಅತಿಥಿಗಳು ತಮ್ಮ ಪ್ರತಿಯನ್ನು ಮಗುಚಿ ಹಿಂಬದಿಯಲ್ಲಿ ಹುಡುಕುತ್ತಿದ್ದರು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ನನಗೆ ಅನಿಸಲೂ ಇಲ್ಲ.

ಮುಗಿಸಿದಾಗ ಮೊದಲು ಕೇಳಿದ್ದು ಚಪ್ಪಾಳೆಯಲ್ಲ, ಶಿಳ್ಳೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಎರಡು ಬೆರಳು ಬಾಯಿಗಿಟ್ಟು ಹೊಡೆದರು ನೋಡಿ, ಆಮೇಲೆ ಚಪ್ಪಾಳೆ. ಪದ್ದಕ್ಕ ಎದ್ದರು. ನಾನು ಶಾಲಿನ ಕಡೆ ನೋಡಿದೆ, ಅದು ಹೆಗಲ ಮೇಲೆಯೇ ಇತ್ತು. ಅವರು ನೇರ ಮೈಕಿನ ಹತ್ತಿರ ಬಂದು, ಪೇಟ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟು, 'ಒಂದು ಸಂಗತಿ ಮೇಷ್ಟ್ರಿಗೂ ಹೇಳಿಲ್ಲ,' ಎಂದರು. 'ಹೆಣ್ಣಿನ ದನಿ ಹೋಗಿ ನಾಲ್ಕು ವರ್ಷ ಆಯ್ತು. ಗಂಡಿನದೊಂದೇ ಉಳಿದಿರೋದು. ಅದನ್ನೇ ಹಾಡ್ತೀನಿ, ಅರ್ಧ ಹಾಡು.'

ಬಲಕ್ಕೆ ತಿರುಗಿ ಗಂಡಿನ ಸಾಲನ್ನು ಎತ್ತಿದರು. ದನಿ ಒರಟಾಗಿತ್ತು, ಆದರೆ ಶ್ರುತಿ ಅದೇ, ಕುದುರೆಮುಖದ್ದೇ. ಸಾಲು ಮುಗಿದು, ಹೆಣ್ಣು ಉತ್ತರ ಕೊಡಬೇಕಾದ ಜಾಗದಲ್ಲಿ ಅವರು ಎಡಕ್ಕೆ ತಿರುಗಿ ಸುಮ್ಮನೆ ನಿಂತರು. ಆಗ ಮುಂದಿನ ಸಾಲು ಹಾಡಿತು. ಇಪ್ಪತ್ತೂ ಜನ, ಕೂತಲ್ಲಿಯೇ, ಯಾರೂ ಯಾರ ಮುಖವನ್ನೂ ನೋಡದೆ, ಕಣ್ಣನ್ನು ಮಡಿಲಿನ ಕಡೆ ಇಳಿಸಿ, ಹೆಣ್ಣಿನ ಪ್ರತಿಯೊಂದು ಸಾಲನ್ನೂ ಒಂದಕ್ಷರ ತಪ್ಪದೆ ಹಾಡಿದರು. ಕೆಲವರ ಬೆರಳುಗಳು ಸೆರಗಿನ ಮೇಲೆ ತಾವಾಗಿಯೇ ಏನನ್ನೋ ಹೆಕ್ಕುತ್ತಿದ್ದವು. ಅಧ್ಯಕ್ಷರು ಪೇಟವನ್ನು ಎದೆಗವಚಿಕೊಂಡು ಗೊಳೋ ಎಂದು ಅಳುತ್ತಿದ್ದರು. ನಾನೂ ಅತ್ತೆ. ಆದರೆ ಪಾಪ ಎನಿಸಿ ಅತ್ತದ್ದಲ್ಲ.

ಫ್ರೇಮಿನ ಒಳಗಿದ್ದ ಕಾಗದವನ್ನು ಪದ್ದಕ್ಕ ಮರುದಿನವೇ ತೆಗೆದು, ಆ ಇಪ್ಪತ್ತು ಜನರ ಜೊತೆ ವೇದಿಕೆಯ ಮೇಲೆ ತೆಗೆಸಿಕೊಂಡ ಫೋಟೋ ಹಾಕಿಸಿದ್ದಾರೆ. ಗಾಜು ಚೆನ್ನಾಗಿದೆ ಎಂದು ಫೋನಿನಲ್ಲಿ ಹೊಗಳಿದರು. ಅಧ್ಯಕ್ಷರು ನನ್ನ ಮೇಲೆ ಎರಡು ವಾರ ಮುನಿಸಿಕೊಂಡು, ಆಮೇಲೆ ತಾವೇ ಫೋನು ಮಾಡಿ, ಮುಂದಿನ ಸಲವೂ ಬರೆದುಕೊಡಿ, ಆದರೆ ಬರೆದದ್ದನ್ನೇ ಓದಿ ಎಂದಿದ್ದಾರೆ. ಆ ಹಳೆಯ ಅಚ್ಚನ್ನು ನಾನು ಒಲೆಗೆ ಹಾಕಿದೆ. ಬಡತನದ ಬೇಗೆ ಚೆನ್ನಾಗಿಯೇ ಉರಿಯಿತು, ಸ್ನಾನದ ನೀರು ಕಾಯಿತು.

ಸನ್ಮಾನವಾಗಿ ಮೂರನೇ ದಿನದ ಬೆಳಿಗ್ಗೆ, ಮೊದಲ ಲೋಟ ಕಾಫಿ ಕೈಗೆ ಬರುವ ಹೊತ್ತಿಗೆ, ಮೊಬೈಲಿನಲ್ಲಿ ಪದ್ದಕ್ಕ ಬಂದು ಕೂತಿದ್ದರು. ಯಾರು ಬರೆದರೋ, ಎಲ್ಲಿಂದ ಹೊರಟಿತೋ, ಭಾವನವರ ಕೈಯಿಂದ ನಮ್ಮ ಗುಂಪಿಗೆ ಬಂದಿತ್ತು: 'ಈ ಗಾಯಕಿಯ ಬಗ್ಗೆ ನಿಮಗೆ ಗೊತ್ತೇ? ಹೊಟ್ಟೆಪಾಡಿಗಾಗಿ ಪಾಪ ಕಾಫಿ ಬೀಜ ಆರಿಸುತ್ತಿದ್ದರಂತೆ!' ಕೆಳಗೆ ಹಳದಿ ಮುಖಗಳ ಸಾಲು. ಮೊದಲಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ. ಅಂದು ಸುಮ್ಮನಾಗಲಿಲ್ಲ. ಅಕ್ಕ ಏನಾದರೂ ಅಂದುಕೊಳ್ಳಲಿ ಎಂದು ಬರೆದೇಬಿಟ್ಟೆ: 'ಕಾಫಿ ಬೀಜ ಆರಿಸುತ್ತಿದ್ದರು. ಅಷ್ಟು ಸರಿ. ಪಾಪ, ಹೊಟ್ಟೆಪಾಡು, ಅಂತೆ, ಈ ಮೂರೂ ಕರಿಬೀಜ. ಭಾವ, ಅವತ್ತು ಪರದೆ ಎತ್ತಿ ನೋಡಿದವನು ನಾನು. ಹಿಂದೆ ಯಾರೂ ಇರಲಿಲ್ಲ. ಅವರೇ ಹಾಡಿದ್ದು.'

ಆಮೇಲೆ ಭಾವನವರಿಂದ ಒಂದೇ ಸಾಲು ಬಂತು: 'ನೀನು ಆಗಲೇ ಯಾಕೆ ಹೇಳಲಿಲ್ಲ?' ಹೇಳಿದ್ದೆ, ಅವರು ನಂಬಿರಲಿಲ್ಲ. ಇರಲಿ. ಇವತ್ತು ಬೆಳಿಗ್ಗೆ ಇನ್ನೊಬ್ಬ ಮಹಾನಟರು ಬಂದಿದ್ದಾರೆ, ಹತ್ತು ಸಂಗತಿಗಳ ಸಮೇತ. ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಆರಿಸಲು ಕೂತಿದ್ದೇನೆ.